ಕೇಳಿ ಕಲಿತ ಗಿಟಾರ್, ತುಂಬಿಬರುವ ಕಣ್ಣು, ತಪ್ಪುವ ಲಯ

ಪ್ರಶ್ನೆ: ನನಗೆ 38 ವರ್ಷ, ದಾವಣಗೆರೆಯಲ್ಲಿ ಬ್ಯಾಂಕ್ ಉದ್ಯೋಗಿ. ನಾಲ್ಕು ವರ್ಷಗಳಿಂದ ಯಾರ ಬಳಿಯೂ ಪಾಠ ಹೇಳಿಸಿಕೊಳ್ಳದೆ, ಹಾಡುಗಳನ್ನು ಮತ್ತೆ ಮತ್ತೆ ಕೇಳಿಯೇ ಗಿಟಾರ್ ಕಲಿತಿದ್ದೇನೆ. ಒಂದು ಹಾಡಿನಲ್ಲಿ ಎಫ್ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಹಿಡಿದು, ನಡುಬೆರಳನ್ನಷ್ಟೇ ಎತ್ತಿ, ಆಮೇಲೆ ಸಿ ಕಾರ್ಡಿಗೆ ಬರುವ ಜಾಗವೊಂದಿದೆ. ಆ ನಡುವಿನ ಹಿಡಿತಕ್ಕೆ ಏನೆನ್ನುತ್ತಾರೋ ತಿಳಿಯದು, ಆದರೆ ಅಲ್ಲಿಗೆ ಬಂದಾಗಲೆಲ್ಲ ಕಣ್ಣು ತುಂಬುತ್ತದೆ. ಅತ್ತ ಮೇಲೆ ಮನಸ್ಸು ಹಗುರವಾಗುತ್ತದೆ. ನಮ್ಮ ಸಹೋದ್ಯೋಗಿಗಳ ತಂಡದಲ್ಲಿ ತಬಲಾ ನುಡಿಸುವವರು, ನಾನು ಪ್ರತಿ ಸಲವೂ ಅದೇ ಜಾಗದಲ್ಲಿ ಲಯ ಬಿಟ್ಟು ಓಡುತ್ತೇನೆ ಎನ್ನುತ್ತಾರೆ. ಇಲ್ಲಿನ ಗಿಟಾರ್ ಮೇಷ್ಟರೊಬ್ಬರು, ಕೇಳಿ ಕಲಿತದ್ದು ಕಲಿಕೆಯೇ ಅಲ್ಲ, ಎಲ್ಲವನ್ನೂ ಮರೆತು ಐದು ಗೆರೆಗಳ ಪಾಶ್ಚಾತ್ಯ ಸ್ವರಲಿಪಿಯಾದ ಸ್ಟಾಫ್ ನೊಟೇಶನ್‌ನಿಂದ ಆರಂಭಿಸಿ ಗ್ರೇಡ್ ಪರೀಕ್ಷೆ ಕಟ್ಟಿ ಎಂದರು. ಶಾಸ್ತ್ರ ಕಲಿತರೆ ನನ್ನೊಳಗಿನ ಭಾವ ಸತ್ತುಹೋದೀತೆಂಬ ಭಯ ನನಗಿದೆ. ರಾತ್ರಿ ಬಾಗಿಲು ಹಾಕಿಕೊಂಡು ಕೂರುವ ನಾನು ಮನೆಯಲ್ಲಿದ್ದೂ ಇಲ್ಲದಂತೆ ಎಂದು ಹೆಂಡತಿ ಬೇಸರಿಸುತ್ತಾಳೆ. ಗಿಟಾರ್ ಬಿಟ್ಟುಬಿಡಲೇ?
— ಹೆಸರು ಬೇಡ, ದಾವಣಗೆರೆ

ಉತ್ತರ: ಬಿಡಬೇಡಿ. ನಿಮ್ಮ ಪತ್ರದಲ್ಲಿ ನಾಲ್ಕು ಚಿಂತೆಗಳು ಹೆಣೆದುಕೊಂಡಿವೆಯಾದರೂ, ಅವುಗಳಲ್ಲಿ ಭಯವೇ ಉಳಿದವನ್ನು ಬಿಗಿಹಿಡಿದಿದೆ ಎಂದು ನನಗೆ ತೋರುವುದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ. ನೀವು ಹೆಸರು ತಿಳಿಯದೆ ಹಿಡಿಯುತ್ತಿರುವ ಆ ಕಾರ್ಡ್ ಎಫ್ ಮೈನರ್. ತೋರುಬೆರಳನ್ನು ಮೊದಲ ಫ್ರೆಟ್‌ನ (ಗಿಟಾರ್ ಕತ್ತಿನ ಲೋಹದ ಪಟ್ಟಿಗಳ ನಡುವಿನ ಮನೆ) ಮೇಲೆ ಅಡ್ಡಲಾಗಿ ಒತ್ತಿ ಎಫ್ ಮೇಜರ್, ಅಂದರೆ ನೀವು ಹೇಳುವ ಎಫ್ ಕಾರ್ಡ್, ಹಿಡಿದಾಗ, ನಿಮ್ಮ ನಡುಬೆರಳು ಮೂರನೆಯ ತಂತಿಯ ಎರಡನೆಯ ಫ್ರೆಟ್‌ನಲ್ಲಿರುತ್ತದೆ. ಅದನ್ನೆತ್ತಿದಾಗ ಆ ತಂತಿ ಮೊದಲ ಫ್ರೆಟ್‌ಗೆ ಇಳಿಯುತ್ತದೆ. ಸಿ ಕಾರ್ಡಿಗೆ ಬಂದಾಗ ಅದೇ ತಂತಿ ಯಾವ ಬೆರಳೂ ಇಲ್ಲದೆ ಖಾಲಿಯಾಗಿ ನುಡಿಯುತ್ತದೆ. ಸಿ ಸ್ವರವನ್ನು ಷಡ್ಜವೆಂದು ಎಣಿಸಿದರೆ, ಹಿಂದೂಸ್ತಾನಿ ಹೆಸರುಗಳಲ್ಲಿ, ನೀವು ಶುದ್ಧ ಧೈವತದಿಂದ ಕೋಮಲ ಧೈವತಕ್ಕೆ, ಅಲ್ಲಿಂದ ಪಂಚಮಕ್ಕೆ ಇಳಿಯುತ್ತಿದ್ದೀರಿ. ಆರು ತಂತಿಗಳ ನಡುವೆ ನಿಮ್ಮನ್ನು ಅಳಿಸುತ್ತಿರುವುದು ಬಹುಮಟ್ಟಿಗೆ ಆ ಒಂದು ತಂತಿಯ ಇಳಿತ. ಇಂದು ರಾತ್ರಿ ಮೂರನೆಯ ತಂತಿಯನ್ನಷ್ಟೇ ಮೀಟುತ್ತ ಈ ಮೂರು ಸ್ವರಗಳನ್ನು ನಿಧಾನವಾಗಿ ನುಡಿಸಿ, ಬಳಿಕ ಪೂರ್ತಿ ಕಾರ್ಡುಗಳನ್ನು ನುಡಿಸಿ ನೋಡಿ. ಇಷ್ಟೆಲ್ಲ ತಿಳಿದ ಮೇಲೂ ಎದೆ ಹಿಂದಿನಂತೆಯೇ ಹಿಂಡಿದರೆ, ಶಾಸ್ತ್ರದ ಬಗೆಗಿನ ನಿಮ್ಮ ಭಯಕ್ಕೆ ಉತ್ತರ ನಿಮ್ಮ ಕೈಯಲ್ಲೇ ಸಿಕ್ಕಿರುತ್ತದೆ. ಹಿಂಡುತ್ತದೆಂದೇ ನನ್ನ ನಂಬಿಕೆ.

ಇಂತಹ ಜಾಗಗಳಲ್ಲಿ ಕಣ್ಣು ತುಂಬುವವರು ನೀವೊಬ್ಬರೇ ಅಲ್ಲ. ಸಂಗೀತ ಮನಶ್ಶಾಸ್ತ್ರಜ್ಞ ಜಾನ್ ಸ್ಲೊಬೊಡಾ 1991ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ತಮ್ಮನ್ನು ಕಲಕಿದ ಜಾಗ ಯಾವುದೆಂದು ಕೇಳುಗರನ್ನೇ ವಿಚಾರಿಸಿದ್ದರು. ಒಂದು ಸ್ವರ ತನ್ನ ಸುತ್ತಲಿನ ಸ್ವರಗಳಿಗೆ ಹೊಂದದೆ ಕ್ಷಣಕಾಲ ಒರಗಿ ನಿಂತು, ಬಳಿಕ ಪಕ್ಕದ ಸ್ವರಕ್ಕೆ ಇಳಿದು ನೆಲೆಗೊಳ್ಳುವ ಜಾಗಗಳು ಕಣ್ಣೀರಿನ ಜೊತೆ ವಿಶೇಷವಾಗಿ ಸೇರಿಕೊಂಡಿರುವುದು ಅಲ್ಲಿ ಕಂಡುಬಂತು. ನಿಮ್ಮ ಕೋಮಲ ಧೈವತ ಕಟ್ಟುನಿಟ್ಟಾಗಿ ಅದೇ ಬಗೆಯದಲ್ಲ. ಆದರೂ ಪಂಚಮದ ಕಡೆಗೆ ಅದು ವಾಲುವ ರೀತಿ ಅದಕ್ಕೆ ತೀರ ಹತ್ತಿರದ್ದು.

ಇನ್ನು ಲಯ ತಪ್ಪುವ ಮಾತು. 2011ರಲ್ಲಿ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದ ಸಂಶೋಧಕರು, ಪ್ರಿಯವಾದ ಸಂಗೀತ ಕೇಳುವಾಗ ಅದು ಉತ್ಕಟಕ್ಕೇರುವ ಕ್ಷಣದಲ್ಲಿ ಮಾತ್ರವಲ್ಲದೆ, ಆ ಕ್ಷಣ ಬರಲಿದೆ ಎಂಬ ನಿರೀಕ್ಷೆಯ ಹೊತ್ತಿನಲ್ಲೂ ಮಿದುಳಿನಲ್ಲಿ ಸುಖಾನುಭವಕ್ಕೆ ಸಂಬಂಧಿಸಿದ ಡೋಪಮೈನ್ ಎಂಬ ರಾಸಾಯನಿಕ ಸ್ರವಿಸುವುದನ್ನು ತೋರಿಸಿದರು. ಇದನ್ನು ನಿಮ್ಮ ಅನುಭವಕ್ಕೆ ಹೊಂದಿಸಿ ನೋಡಿದಾಗ ನನಗನ್ನಿಸುವುದು ಇಷ್ಟು: ಮುಂದೆ ಆ ಇಳಿತ ಬರುತ್ತದೆಂದು ನಿಮ್ಮ ಮನಸ್ಸಿಗೆ ಗೊತ್ತಿರುವುದರಿಂದ ಅದು ಮೊದಲೇ ಅಲ್ಲಿಗೆ ಹೋಗಿ ಕಾಯುತ್ತದೆ, ಕೈ ಅದರ ಹಿಂದೆ ಓಡುತ್ತದೆ. ಆ ಹೊತ್ತಿನಲ್ಲಿ ನೀವು ಕೇಳುತ್ತಿರುವುದು ನೆನಪಿನಲ್ಲಿರುವ ಮೂಲ ಹಾಡನ್ನೇ ಹೊರತು ನಿಮ್ಮ ಬೆರಳುಗಳಿಂದ ಹೊರಡುತ್ತಿರುವ ನಾದವನ್ನಲ್ಲ. ಬೇರೆಯವರ ಸಂಗೀತವನ್ನು ನಾಲ್ಕು ವರ್ಷ ಅಷ್ಟು ಶ್ರದ್ಧೆಯಿಂದ ಆಲಿಸಿದ ನಿಮ್ಮ ಕಿವಿ, ನಿಮ್ಮ ಕೈಯನ್ನು ಇನ್ನೂ ಆಲಿಸಿಲ್ಲ.

ಆದ್ದರಿಂದಲೇ, ಕೇಳಿ ಕಲಿತದ್ದು ಕಲಿಕೆಯೇ ಅಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಕೇಳಿ ಕಲಿಯುವುದನ್ನು ನೀವು ಅರ್ಧಕ್ಕೆ ನಿಲ್ಲಿಸಿದ್ದೀರಿ ಎಂದಷ್ಟೇ ಹೇಳುತ್ತೇನೆ. ನಮ್ಮ ನಾಡಿನಲ್ಲಿ ಇದನ್ನು ಬಲ್ಲವರು ಬಹಳ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣು ಕಾಣದ ಪಂಚಾಕ್ಷರಿ ಗವಾಯಿಗಳು ಕಣ್ಣು ಕಾಣದ ಪುಟ್ಟರಾಜ ಗವಾಯಿಗಳಿಗೆ (1914–2010) ಕಲಿಸಿದರು, ಪುಟ್ಟರಾಜರು ಮುಂದೆ ಅಸಂಖ್ಯ ಅಂಧ ಮಕ್ಕಳನ್ನು ಗಾಯಕರನ್ನಾಗಿ, ವಾದಕರನ್ನಾಗಿ ರೂಪಿಸಿದರು. ಆ ಗುರುಮುಖದ ವಿದ್ಯೆಯಲ್ಲಿ ಶಿಷ್ಯನ ಕಿವಿ ಎಷ್ಟು ಮುಖ್ಯವೋ, ಶಿಷ್ಯ ತಪ್ಪಿದಲ್ಲಿ ಅಲ್ಲೇ ತಡೆದು ಇನ್ನೊಮ್ಮೆ ಹೇಳಿಸುವ ಗುರುವಿನ ಕಿವಿಯೂ ಅಷ್ಟೇ ಮುಖ್ಯ. ನಿಮಗೆ ಆ ಎರಡನೆಯ ಕಿವಿ ಸಿಕ್ಕಿರಲಿಲ್ಲ. ಈಗ ಸಿಕ್ಕಿದೆ: ಆ ತಬಲಾ ವಾದಕರು. ಅವರ ಮಾತನ್ನು ಟೀಕೆಯೆಂದು ನೊಂದುಕೊಳ್ಳಬೇಡಿ, ಅವರಷ್ಟು ಗಮನವಿಟ್ಟು ನಿಮ್ಮನ್ನು ಕೇಳಿದವರು ಇದುವರೆಗೆ ಯಾರೂ ಇದ್ದಂತಿಲ್ಲ.

ಗಿಟಾರ್‌ನ ಜಗತ್ತಿನಿಂದಲೇ ಒಂದು ಉದಾಹರಣೆ ಬೇಕಾದರೆ, ಅಮೆರಿಕದ ಇಂಡಿಯಾನಾಪೊಲಿಸ್‌ನ ಜಾಝ್ ವಾದಕ ವೆಸ್ ಮಾಂಟ್‌ಗೊಮೆರಿ (1923–1968) ಅವರನ್ನು ನೆನೆಯಿರಿ. ಸ್ವರಲಿಪಿ ಓದಲು ಬಾರದ ಅವರು ಇನ್ನೊಬ್ಬ ಜಾಝ್ ಗಿಟಾರ್ ವಾದಕ ಚಾರ್ಲಿ ಕ್ರಿಶ್ಚಿಯನ್ ನುಡಿಸಿದ ಸೋಲೋಗಳನ್ನು (ಒಬ್ಬರೇ ಮುಂದಾಗಿ ನುಡಿಸುವ ಭಾಗಗಳನ್ನು) ರೆಕಾರ್ಡುಗಳಿಂದ ಕೇಳಿ ಕೇಳಿಯೇ ಕಲಿತರು, ಆರಂಭದಲ್ಲಿ ಅವರಿಗೆ ಕೆಲಸ ಸಿಕ್ಕಿದ್ದೂ ಆ ಸೋಲೋಗಳನ್ನು ಹಾಗೆಯೇ ನುಡಿಸಬಲ್ಲರೆಂಬ ಕಾರಣಕ್ಕೆ. ಹೆಬ್ಬೆರಳಿನಿಂದ ಮೀಟುವ, ಒಂದೇ ಸ್ವರವನ್ನು ಎರಡು ಸ್ಥಾಯಿಗಳಲ್ಲಿ ಒಟ್ಟಿಗೆ ನುಡಿಸುವ ಅವರದೇ ಶೈಲಿಗೆ ಅವರು ಹೆಸರಾದದ್ದು ಇತರ ವಾದಕರೊಡನೆ ವರ್ಷಗಟ್ಟಲೆ ಕೂಡಿ ನುಡಿಸಿದ ಮೇಲೆ.

ನೀವು ಮಾಡಬೇಕಾದ ಅಭ್ಯಾಸ ಸರಳವಾದರೂ ತಾಳ್ಮೆ ಬೇಡುತ್ತದೆ. ಲಯ ಎಣಿಸುವ ಸಾಧನವಾದ ಮೆಟ್ರೊನೋಮ್ ಅನ್ನು ನಿಮಿಷಕ್ಕೆ 60 ಬಡಿತಗಳಿಗೆ ಇಟ್ಟು, ಹಾಡನ್ನು ಬದಿಗಿರಿಸಿ, ಎಫ್, ಎಫ್ ಮೈನರ್, ಸಿ ಈ ಮೂರನ್ನು ನಾಲ್ಕು ನಾಲ್ಕು ಮಾತ್ರೆಗಳಂತೆ ನುಡಿಸಿ, ಜೊತೆಗೆ ಆ ಇಳಿಯುವ ಸ್ವರವನ್ನು ಬಾಯಿಬಿಟ್ಟು ಹಾಡಿ. ಹಾಡುವಾಗ ಉಸಿರು ಬೇಕಾಗುವುದರಿಂದ ಕೈಯ ಆತುರ ತಾನಾಗಿ ತಗ್ಗುತ್ತದೆ. ಫೋನಿನಲ್ಲಿ ಧ್ವನಿಮುದ್ರಿಸಿ ಮರುದಿನ ಕೇಳಿ. ಅದೇ ದಿನ ಕೇಳಿದರೆ ನುಡಿಸುವಾಗಿನ ಭಾವವೇ ಇನ್ನೂ ಕಿವಿಯಲ್ಲಿರುತ್ತದೆ. ನುಡಿಸುವಾಗ ಅಳು ಬಂದರೆ ಬರಲಿ, ತಡೆಯಬೇಡಿ, ಆದರೆ ಕಾಲಿನ ತಾಳ ನಿಲ್ಲಬಾರದು.

ಅತ್ತ ಬಳಿಕ ಹಗುರವಾಗುತ್ತದೆಂದು ನೀವೇ ಬರೆದಿರುವುದರಿಂದ ಆ ಕಣ್ಣೀರನ್ನು ನಾನು ಕಾಯಿಲೆಯೆಂದು ಕಾಣುವುದಿಲ್ಲ. ಗಿಟಾರ್ ಕೆಳಗಿಟ್ಟ ಮೇಲೂ ದುಃಖ ವಾರಗಟ್ಟಲೆ ಬಿಡದೆ, ನಿದ್ರೆ, ಊಟ, ಕೆಲಸದ ಆಸಕ್ತಿ ಕೆಟ್ಟರೆ ಮಾತ್ರ ತಡಮಾಡದೆ ಮನೋವೈದ್ಯರನ್ನು ಕಾಣಿ, ಇಲ್ಲವೇ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆಮಾಡಿ. ಅಲ್ಲಿ ಕನ್ನಡದಲ್ಲೇ ಮಾತನಾಡಬಹುದು.

ನಿಮ್ಮ ಹೆಂಡತಿಯ ಬೇಸರ ಗಿಟಾರ್‌ನ ಮೇಲಿನದ್ದೆಂದು ನನಗನಿಸುವುದಿಲ್ಲ, ಮುಚ್ಚಿದ ಬಾಗಿಲಿನ ಮೇಲಿನದ್ದು. ನಿಮ್ಮನ್ನು ಅಷ್ಟು ಕಲಕುವ ಸಂಗತಿಯೊಂದು ಪಕ್ಕದ ಕೋಣೆಯಲ್ಲಿ ಪ್ರತಿ ರಾತ್ರಿ ನಡೆಯುತ್ತಿದ್ದು, ಅದರಲ್ಲಿ ತಮಗೆ ಪಾಲಿಲ್ಲವೆಂದಾದರೆ ಯಾರಿಗೂ ನೋವಾಗುತ್ತದೆ. ಅಭ್ಯಾಸವನ್ನು ಊಟಕ್ಕೆ ಮೊದಲು, ನಡುಮನೆಯಲ್ಲಿ, ಇಬ್ಬರೂ ಒಪ್ಪಿದ ಹೊತ್ತಿಗೆ ತನ್ನಿ. ಆ ಜಾಗದಲ್ಲಿ ನಿಮಗೆ ಏನಾಗುತ್ತದೆಂದು ಅವರಿಗೆ ಬಾಯಿಬಿಟ್ಟು ಹೇಳಿ. ನನಗೆ ಬರೆದಷ್ಟು ವಿವರವಾಗಿ ಅವರಿಗೆ ಹೇಳಿದ ಸೂಚನೆ ನಿಮ್ಮ ಪತ್ರದಲ್ಲಿಲ್ಲ. ಊಟವಾದ ಮೇಲಿನ ಹೊತ್ತು ಅವರದಾಗಿರಲಿ.

ಕೊನೆಗೆ ಮೇಷ್ಟರ ವಿಷಯ. ಸ್ಟಾಫ್ ನೊಟೇಶನ್ ಉಪಯುಕ್ತ ವಿದ್ಯೆ, ಕಲಿತರೆ ನಷ್ಟವಿಲ್ಲ, ಆದರೆ ಗ್ರೇಡ್ ಪರೀಕ್ಷೆ ನಿಮ್ಮ ಇಂದಿನ ಅಗತ್ಯವಲ್ಲ, ಬಂದದ್ದನ್ನು ಮರೆಯುವ ಅಗತ್ಯವಂತೂ ಇಲ್ಲವೇ ಇಲ್ಲ. ಅವರನ್ನು ಇನ್ನೊಮ್ಮೆ ಕಂಡು, ನೀವು ಈಗಾಗಲೇ ನುಡಿಸುವ ಹಾಡುಗಳನ್ನೇ ಮುಂದಿಟ್ಟುಕೊಂಡು ಕಾರ್ಡುಗಳ ಹೆಸರು, ಅವುಗಳ ಸಂಬಂಧ ಮತ್ತು ಲಯವನ್ನು ಕಲಿಸಬಲ್ಲಿರಾ ಎಂದು ವಿನಯದಿಂದ ಕೇಳಿ. ಒಪ್ಪಿದರೆ ಅವರ ಬಳಿಯೇ ಸೇರಿ. ಒಪ್ಪದಿದ್ದರೆ ನಿಮ್ಮ ತಬಲಾ ವಾದಕರನ್ನು ವಿಚಾರಿಸಿ, ಹಾಗೆ ಕಲಿಸುವ ಇನ್ನೊಬ್ಬರು ಅವರಿಗೆ ಗೊತ್ತಿರಬಹುದು.