ಓದುಗರ ಪ್ರಶ್ನೆಗಳಿಗೆ ಉತ್ತರ: ಮಾಂಸವಿಲ್ಲದ ಅಡುಗೆಯ ಹಿಂದುಮುಂದು

ಪ್ರಶ್ನೆ: ಕನ್ನಡನಾಡು ಮೊದಲಿನಿಂದಲೂ ಸಸ್ಯಾಹಾರದ ನಾಡು ಎಂದು ನಮ್ಮ ಮನೆಯ ಹಿರಿಯರು ಹೇಳುತ್ತಾರೆ. ಕಾಲೇಜಿನಲ್ಲಿ ಓದುತ್ತಿರುವ ಮಗಳು ಅದೆಲ್ಲ ಕಟ್ಟುಕತೆ ಎನ್ನುತ್ತಾಳೆ. ಯಾರ ಮಾತು ಸರಿ? (ಧಾರವಾಡದಿಂದ ಓದುಗರೊಬ್ಬರು)

ಉತ್ತರ: ಮಗಳ ಮಾತಿಗೆ ಆಧಾರ ಹೆಚ್ಚು, ಹಾಗೆಂದು ಹಿರಿಯರ ಮಾತು ಪೂರ್ತಿ ಪೊಳ್ಳೂ ಅಲ್ಲ. ಕಲ್ಯಾಣ ಚಾಲುಕ್ಯರ ಕಾಲದ ಎರಡು ಗ್ರಂಥಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ಇಬ್ಬರ ವಾದಕ್ಕೂ ಸಾಕ್ಷಿ ಸಿಗುತ್ತದೆ. ಸುಮಾರು 1025ರಲ್ಲಿ ಇಮ್ಮಡಿ ಚಾವುಂಡರಾಯನು ಕನ್ನಡದಲ್ಲಿ ರಚಿಸಿದ ‘ಲೋಕೋಪಕಾರ’ದಲ್ಲಿ ವಾಸ್ತು, ಅಂತರ್ಜಲ, ಮರಗಿಡಗಳ ಆರೈಕೆ, ವಿಷವೈದ್ಯ ಮುಂತಾದವುಗಳ ನಡುವೆ ಅಡುಗೆಗೂ ಒಂದು ಅಧ್ಯಾಯ ಮೀಸಲಾಗಿದೆ, ಅದು ಮಾಂಸವಿಲ್ಲದ ಅಡುಗೆ. ಅದಾದ ನೂರು ವರ್ಷಕ್ಕೆ, 1129ರ ಹೊತ್ತಿಗೆ, ಅದೇ ರಾಜವಂಶದ ಮುಮ್ಮಡಿ ಸೋಮೇಶ್ವರನ ಹೆಸರಿನಲ್ಲಿ ಬಂದ ಸಂಸ್ಕೃತದ ‘ಮಾನಸೋಲ್ಲಾಸ’ದಲ್ಲಿ ಹಂದಿ, ಜಿಂಕೆ, ಮೀನು, ಆಮೆ, ಕೊನೆಗೆ ಸುಟ್ಟ ಇಲಿಯವರೆಗೆ ಅರಸನ ಊಟದ ಎಲೆಗೆ ಬರುವ ಮಾಂಸದ ಅಡುಗೆಗಳ ವಿವರವಿದೆ. ಅದೇ ಪುಸ್ತಕದಲ್ಲಿ ದೋಸೆಯ ಪೂರ್ವಜವೂ ಇದೆ, ವಡೆಯೂ ಇದೆ. ಇನ್ನು ಮೂರು ನಾಲ್ಕು ದಶಕ ಕಳೆಯುವಷ್ಟರಲ್ಲಿ, ಬಿಜ್ಜಳನ ಆಳ್ವಿಕೆಯ ಅದೇ ಕಲ್ಯಾಣದಲ್ಲಿ ಬಸವಣ್ಣನವರ ಸುತ್ತ ಶರಣರು ನೆರೆದರು. ಆ ಪರಂಪರೆಯಿಂದ ಬೆಳೆದ ಲಿಂಗಾಯತ ಮನೆಗಳ ಜೋಳದ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹಿಂಡಿಗಳ ಊಟ ನಿಮ್ಮ ಊರಿನವರಿಗೆ ನಾನು ಪರಿಚಯಿಸಬೇಕಾದುದಲ್ಲ. ಒಂದೇ ಪಟ್ಟಣದಲ್ಲಿ, ಒಂದೇ ತಲೆಮಾರಿನ ಅಂತರದಲ್ಲಿ ಎರಡೂ ಇದ್ದವು ಎಂಬುದನ್ನು ಮಗಳಿಗೂ ಹಿರಿಯರಿಗೂ ಒಟ್ಟಿಗೇ ಓದಿ ಹೇಳಬಹುದು.

ಇದಕ್ಕಿಂತ ಹಿಂದಕ್ಕೆ ಹೋದರೆ ಅಶೋಕ ಸಿಗುತ್ತಾನೆ. ಅರಮನೆಯ ಅಡುಗೆಗೆ ಮೊದಲು ಲಕ್ಷಾಂತರ ಪ್ರಾಣಿಗಳನ್ನು ಕೊಲ್ಲುತ್ತಿದ್ದರು, ಈಗ ಎರಡು ನವಿಲು ಮತ್ತು ಒಂದು ಜಿಂಕೆ ಮಾತ್ರ, ಮುಂದೆ ಅವನ್ನೂ ಕೊಲ್ಲುವುದಿಲ್ಲ ಎಂದು ಅವನು ಮೊದಲನೆಯ ಬಂಡೆಗಲ್ಲು ಶಾಸನದಲ್ಲಿ ಬರೆಸಿದ. ಆದರೆ ನಮ್ಮ ಚರ್ಚೆಗೆ ಹೆಚ್ಚು ಉಪಯುಕ್ತವಾದುದು ಅವನ ಐದನೆಯ ಸ್ತಂಭಶಾಸನ. ಅದರಲ್ಲಿ ಕೊಲ್ಲಬಾರದ ಪ್ರಾಣಿಪಕ್ಷಿಗಳ ಪಟ್ಟಿಯ ಜೊತೆಗೆ, ಚಾತುರ್ಮಾಸ್ಯದ ಹುಣ್ಣಿಮೆಗಳೂ ಸೇರಿದಂತೆ ಕೆಲವು ಗೊತ್ತಾದ ತಿಥಿಗಳಂದು ಮೀನನ್ನು ಹಿಡಿಯಲೂ ಬಾರದು, ಮಾರಲೂ ಬಾರದು ಎಂಬ ಕಟ್ಟಳೆಯಿದೆ. ಮಾಂಸವನ್ನು ಜನರ ಪ್ರಕಾರ ಮಾತ್ರವಲ್ಲದೆ ದಿನದ ಪ್ರಕಾರವೂ ಬಿಡುವ ಈ ಕ್ರಮ ಇಂದಿಗೂ ನಮ್ಮಲ್ಲಿ ಉಳಿದಿದೆ. ಸೋಮವಾರ, ಶನಿವಾರ, ಇಡೀ ಶ್ರಾವಣ ಮಾಸ ಮಾಂಸ ಮುಟ್ಟದೆ, ಯುಗಾದಿಯ ದಿನ ಹೋಳಿಗೆ ಉಂಡು, ಮರುದಿನ ವರ್ಷತೊಡಕಿಗೆ ಮಾಂಸದಡುಗೆ ಮಾಡುವ ಮನೆಗಳು ಹಳೆಯ ಮೈಸೂರಿನ ಕಡೆ ಎಷ್ಟಿಲ್ಲ! 2014ರ ಸರ್ಕಾರಿ ಸಮೀಕ್ಷೆಯೊಂದರಲ್ಲಿ ಕರ್ನಾಟಕದ ವಯಸ್ಕರಲ್ಲಿ ನೂರಕ್ಕೆ ಸುಮಾರು 21 ಮಂದಿ ಮಾತ್ರ ತಾವು ಸಸ್ಯಾಹಾರಿಗಳೆಂದು ಹೇಳಿಕೊಂಡಿದ್ದರು. ಉಳಿದವರ ಮನೆಯಲ್ಲಿಯೂ ವಾರದ ಹೆಚ್ಚಿನ ದಿನ ಬೇಯುವುದು ಬೇಳೆ, ಕಾಳು, ಸೊಪ್ಪುಗಳೇ. ಆದುದರಿಂದ ಮಾಂಸವಿಲ್ಲದ ಅಡುಗೆಯು ಸಸ್ಯಾಹಾರಿಗಳ ಸ್ವತ್ತು ಎಂದು ಬಗೆಯುವುದೇ ತಪ್ಪು ಎಂಬುದು ನನ್ನ ಅಭಿಪ್ರಾಯ.

ಪ್ರಶ್ನೆ: ಮೆಣಸಿನಕಾಯಿ ಪೋರ್ಚುಗೀಸರ ಜೊತೆ ಬಂದದ್ದೆಂದು ಓದಿದೆ. ಅದಕ್ಕೆ ಮೊದಲು ನಮ್ಮವರು ಸಾರು, ಹುಳಿಗಳನ್ನು ಹೇಗೆ ಮಾಡುತ್ತಿದ್ದರು? ಆ ರುಚಿ ಈಗ ಎಲ್ಲಿಯಾದರೂ ಸಿಗುತ್ತದೆಯೇ? (ಶಿರಸಿಯಿಂದ)

ಉತ್ತರ: ಸಿಗುತ್ತದೆ, ಬಹುಶಃ ನೀವೇ ವರ್ಷಕ್ಕೊಮ್ಮೆ ಉಂಡಿರುತ್ತೀರಿ. ಪೋರ್ಚುಗೀಸರು ಕಲ್ಲಿಕೋಟೆಗೆ ಬಂದದ್ದು 1498ರಲ್ಲಿ, ಗೋವೆಯನ್ನು ಹಿಡಿದದ್ದು 1510ರಲ್ಲಿ. ಅಮೆರಿಕ ಖಂಡದ ಮೆಣಸಿನಕಾಯಿ ನಮ್ಮ ಹಿತ್ತಿಲುಗಳಿಗೆ ಹರಡಿದ್ದು ಅದರ ನಂತರ. ಆಲೂಗಡ್ಡೆ, ಟೊಮೆಟೊಗಳು ಅಡುಗೆಮನೆಯಲ್ಲಿ ನೆಲೆಯೂರಲು ಇನ್ನೂ ಬಹಳ ಕಾಲ ಹಿಡಿಯಿತು. 16ನೆಯ ಶತಮಾನದ ಆರಂಭದಲ್ಲಿ ಕಲ್ಲಹಳ್ಳಿಯ ಜೈನ ಅರಸ ಮುಮ್ಮಡಿ ಮಂಗರಸನು ವಾರ್ಧಕ ಷಟ್ಪದಿಯಲ್ಲಿ ‘ಸೂಪಶಾಸ್ತ್ರ’ವನ್ನು ಬರೆದು ಬದನೆ, ಹಲಸು, ಬಾಳೆಕಾಯಿ, ಬಿದಿರ ಕಳಲೆಗಳ ಅಡುಗೆಗಳನ್ನು ಬಗೆಬಗೆಯಾಗಿ ವರ್ಣಿಸಿದಾಗ ಅವನ ಒಲೆಯ ಬಳಿ ಮೆಣಸಿನಕಾಯಿ ಇರಲಿಲ್ಲ. ಖಾರಕ್ಕೆ ಕಾಳುಮೆಣಸು, ಹಿಪ್ಪಲಿ, ಶುಂಠಿಗಳಿದ್ದವು.

ಆ ಅಡುಗೆಮನೆಯನ್ನು ಇಂದಿಗೂ ಕಾಪಾಡಿಕೊಂಡು ಬಂದಿರುವುದು ಶ್ರಾದ್ಧದ ಅಡುಗೆ. ಹಲವು ಮನೆತನಗಳಲ್ಲಿ ಆ ದಿನ ಮೆಣಸಿನಕಾಯಿ, ಟೊಮೆಟೊ, ಆಲೂಗಡ್ಡೆ, ಎಲೆಕೋಸು, ಹೂಕೋಸು ಒಳಗೆ ಬರುವಂತಿಲ್ಲ. ಬಾಳೆಕಾಯಿ, ಹಾಗಲ, ಪಡವಲ, ಕೆಸುವಿನಂಥ ಹಳೆಯ ತರಕಾರಿಗಳನ್ನು ಕಾಳುಮೆಣಸು, ಜೀರಿಗೆ ಅರೆದು ಬೇಯಿಸುತ್ತಾರೆ. ಹೊಸದನ್ನು ಪಿತೃಗಳಿಗೆ ಬಡಿಸಲು ಹಿಂಜರಿದ ಸಂಪ್ರದಾಯವು, ತಾನು ಉದ್ದೇಶಿಸದೆಯೇ, ಐನೂರು ವರ್ಷ ಹಿಂದಿನ ಊಟವನ್ನು ಉಳಿಸಿಕೊಟ್ಟಿದೆ. ಉಪವಾಸದ ಫಲಾಹಾರದಲ್ಲಿ ಮಾತ್ರ ಇದೇ ಎಚ್ಚರ ಕಾಣುವುದಿಲ್ಲ ಎಂಬುದು ಒಂದು ತಮಾಷೆ: ಉತ್ತರ ಕರ್ನಾಟಕದಲ್ಲಿ ಏಕಾದಶಿಗೆ ಮಾಡುವ ಸಾಬೂದಾಣಿ ಖಿಚಡಿಯಲ್ಲಿನ ಮರಗೆಣಸಿನ ಸಬ್ಬಕ್ಕಿ, ಆಲೂಗಡ್ಡೆ, ಶೇಂಗಾ, ಹಸಿಮೆಣಸಿನಕಾಯಿ ನಾಲ್ಕೂ ಅಮೆರಿಕದಿಂದ ಬಂದವು.

ಮನೆಯಲ್ಲಿ ಪ್ರಯತ್ನಿಸುವುದಾದರೆ ನಾಲ್ಕು ಜನರ ಸಾರಿಗೆ ಒಂದು ಚಮಚ ಕಾಳುಮೆಣಸು, ಅರ್ಧ ಚಮಚ ಜೀರಿಗೆ ಸಾಕು. ಇವನ್ನು ಬೆಚ್ಚಗೆ ಹುರಿದು, ತರಿಯಾಗಿ ಕುಟ್ಟಿ, ಸಾರು ಇಳಿಸುವ ಸ್ವಲ್ಪ ಮೊದಲು ಹಾಕಬೇಕು. ಹೆಚ್ಚು ಹೊತ್ತು ಕುದಿಸಿದರೆ ಕಾಳುಮೆಣಸಿನ ಪರಿಮಳ ಹಾರಿಹೋಗಿ ಬರಿಯ ಉರಿ ಉಳಿಯುತ್ತದೆ.

ಪ್ರಶ್ನೆ: ಸಾವಿರ ವರ್ಷದ ಹಿಂದೆ ಅಕ್ಕಿಯಿಲ್ಲದೆ ಇಡ್ಲಿ ಮಾಡುತ್ತಿದ್ದರಂತೆ. ಅದನ್ನು ಈಗ ಮಾಡಬಹುದೇ? (ತುಮಕೂರಿನಿಂದ)

ಉತ್ತರ: ಮಾಡಬಹುದು, ಆದರೆ ಮಲ್ಲಿಗೆಯಂಥ ಇಡ್ಲಿಯನ್ನು ನಿರೀಕ್ಷಿಸಬೇಡಿ. 10ನೆಯ ಶತಮಾನದ ‘ವಡ್ಡಾರಾಧನೆ’ಯಲ್ಲಿ ಅತಿಥಿಗೆ ಬಡಿಸಿದ ತಿನಿಸುಗಳ ಸಾಲಿನಲ್ಲಿ ಇಡ್ಡಲಿಗೆಯ ಹೆಸರು ಬರುತ್ತದೆ, ಮಾಡುವ ಕ್ರಮ ದೊರೆಯುವುದು ಮೇಲೆ ಹೇಳಿದ ‘ಲೋಕೋಪಕಾರ’ದಲ್ಲಿ. ಉದ್ದಿನಬೇಳೆಯನ್ನು ಮಜ್ಜಿಗೆಯಲ್ಲಿ ನೆನೆಸಿ, ನುಣ್ಣಗೆ ರುಬ್ಬಿ, ಮೊಸರಿನ ತಿಳಿನೀರು, ಜೀರಿಗೆ, ಕೊತ್ತಂಬರಿ, ಕಾಳುಮೆಣಸು, ಇಂಗು ಬೆರೆಸುವುದು ಅದರ ಸಾರಾಂಶ. ಅಕ್ಕಿಯಿಲ್ಲ, ಹಿಟ್ಟನ್ನು ರಾತ್ರಿಯಿಡೀ ಹುದುಗಲು ಬಿಡುವ ಮಾತೂ ಇಲ್ಲ.

ಒಂದು ಪಾವು ಉದ್ದಿನಬೇಳೆಯನ್ನು ಹುಳಿಮಜ್ಜಿಗೆಯಲ್ಲಿ ನಾಲ್ಕೈದು ಗಂಟೆ ನೆನೆಸಿ, ಆದಷ್ಟು ಕಡಿಮೆ ನೀರಿನಲ್ಲಿ ಗಟ್ಟಿಯಾಗಿ ರುಬ್ಬಿ. ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿದಾಗ ಇಳಿಯುವ ನೀರನ್ನು ಎರಡು ಮೂರು ಚಮಚ ಹಾಕಿ, ಉಪ್ಪು ಮತ್ತು ಕುಟ್ಟಿದ ಮಸಾಲೆ ಸೇರಿಸಿ, ಕೈಯಿಂದಲೇ ಚೆನ್ನಾಗಿ ನೊರೆ ಬರುವಂತೆ ಬಡಿದು ತಟ್ಟೆಗೆ ಹಾಕಿ ಹಬೆಯಲ್ಲಿ ಬೇಯಿಸಿ. ಬರುವುದು ಬಿಗಿಯಾದ, ತುಸು ಜಿಗುಟಾದ, ವಡೆಯ ಒಳಭಾಗವನ್ನು ನೆನಪಿಸುವ ತಿನಿಸು. ಬಿಸಿಯಾಗಿರುವಾಗಲೇ ತುಪ್ಪದೊಂದಿಗೆ ತಿನ್ನಬೇಕು; ಆರಿದರೆ ಅದರ ಪರವಾಗಿ ವಾದಿಸುವುದು ಕಷ್ಟ.

ಪ್ರಶ್ನೆ: ಮದುವೆಯಾಗಿ ಉಡುಪಿಯ ಕಡೆಗೆ ಬಂದಿದ್ದೇನೆ. ಅತ್ತೆಯವರು ಚಾತುರ್ಮಾಸ್ಯದಲ್ಲಿ ಒಂದು ತಿಂಗಳು ತರಕಾರಿಯನ್ನೇ ತರುವುದಿಲ್ಲ. ಸಸ್ಯಾಹಾರಿಗಳೇ ತರಕಾರಿ ಬಿಟ್ಟರೆ ಅಡುಗೆ ಏನು ಮಾಡುವುದು?

ಉತ್ತರ: ನಿಮ್ಮ ಅತ್ತೆಯವರು ಪಾಲಿಸುತ್ತಿರುವುದು ಶಾಕವ್ರತ. ಮಾಧ್ವ ಸಂಪ್ರದಾಯದಲ್ಲಿ ಆಷಾಢ ಶುದ್ಧ ಏಕಾದಶಿಯ ನಂತರ ಕಾರ್ತಿಕದವರೆಗೆ ನಾಲ್ಕು ವ್ರತಗಳು ಒಂದರ ಹಿಂದೆ ಒಂದು ಬರುತ್ತವೆ: ಮೊದಲು ತರಕಾರಿ ಇಲ್ಲದ ಶಾಕವ್ರತ, ಆಮೇಲೆ ಮೊಸರಿಲ್ಲದ ದಧಿವ್ರತ, ಹಾಲಿಲ್ಲದ ಕ್ಷೀರವ್ರತ, ಕೊನೆಗೆ ಬೇಳೆಕಾಳಿಲ್ಲದ ದ್ವಿದಳವ್ರತ. ಮಾಂಸವನ್ನು ಬಿಟ್ಟಾದ ಮೇಲೂ ಬಿಡುವುದನ್ನು ಮುಂದುವರಿಸಿದ ಪಂಥಗಳಲ್ಲಿ ಮಾಧ್ವರಷ್ಟೇ ಜೈನರೂ ಮುಖ್ಯರು. ಮದ್ಯ, ಮಾಂಸಗಳ ಜೊತೆಗೆ ಜೇನನ್ನೂ ಅತ್ತಿ, ಆಲ ಮೊದಲಾದ ಐದು ಜಾತಿಯ ಹಣ್ಣುಗಳನ್ನೂ ತ್ಯಜಿಸುವುದು ಅವರ ಶ್ರಾವಕಧರ್ಮದ ಮೂಲ ನಿಯಮ. ಕಟ್ಟುನಿಟ್ಟಿನವರು ಗಡ್ಡೆಗೆಣಸುಗಳನ್ನೂ ಸೂರ್ಯಾಸ್ತದ ನಂತರದ ಊಟವನ್ನೂ ಬಿಡುತ್ತಾರೆ.

ಇಂಥ ನಿರ್ಬಂಧಗಳೇ ನಮ್ಮ ಅಡುಗೆಯನ್ನು ಚುರುಕಾಗಿಸಿದವು ಎಂದು ನನಗೆ ತೋರುತ್ತದೆ. ತಿಂಗಳಿಗೊಂದು ಪದಾರ್ಥ ಕೈಬಿಟ್ಟಾಗ ಹುಳಿಗೆ, ಸಾಂದ್ರತೆಗೆ, ಪರಿಮಳಕ್ಕೆ ಬೇರೊಂದು ದಾರಿಯನ್ನು ಅಡುಗೆಯವರು ಹುಡುಕಲೇಬೇಕಾಗುತ್ತದೆ. ಶಾಕವ್ರತದಲ್ಲಿ ಹೆಸರುಬೇಳೆಯೇ ಊಟದ ಆಧಾರ. ಅದನ್ನು ಘಮ್ಮೆನ್ನುವಂತೆ ಹುರಿದು, ಮೆತ್ತಗೆ ಬೇಯಿಸಿ, ಕಾಳುಮೆಣಸು ಜೀರಿಗೆಯ ಪುಡಿಯನ್ನೂ ಹುಣಸೆಯ ಬದಲಿಗೆ ಒಣಗಿಸಿದ ಮಾವಿನಕಾಯಿಯ ಪುಡಿಯನ್ನೂ ಹಾಕಿ, ತುಪ್ಪದ ಒಗ್ಗರಣೆ ಕೊಟ್ಟರೆ ಸಾರಿನ ಕೊರತೆ ತಿಳಿಯುವುದಿಲ್ಲ. ಮಜ್ಜಿಗೆ, ಮೊಸರು ಆ ತಿಂಗಳಲ್ಲಿ ನಿಷಿದ್ಧವಲ್ಲವಾದ್ದರಿಂದ ಉದ್ದಿನಹಿಟ್ಟಿನ ಮೊಸರುಗೊಜ್ಜನ್ನೂ ಮಾಡಬಹುದು. ಯಾವುದು ಸಲ್ಲುತ್ತದೆ, ಯಾವುದು ಸಲ್ಲದು ಎಂಬುದು ಮಠದಿಂದ ಮಠಕ್ಕೆ, ಮನೆಯಿಂದ ಮನೆಗೆ ಬದಲಾಗುತ್ತದೆ. ಆ ವಿಷಯದಲ್ಲಿ ನನ್ನ ಮಾತಿಗಿಂತ ಅತ್ತೆಯವರ ಮಾತೇ ಪ್ರಮಾಣ.

ಪ್ರಶ್ನೆ: ನಮ್ಮದು ಮಾಂಸ ತಿನ್ನುವ ಮನೆ. ಬಂದಿರುವ ಸೊಸೆ ಸಸ್ಯಾಹಾರಿ. ಆಕೆಗಾಗಿ ವಿಶೇಷವಾಗಿ ಏನು ಕಲಿಯಲಿ? (ಮಂಡ್ಯದಿಂದ)

ಉತ್ತರ: ತಾಯಿ, ನೀವು ಹೊಸದಾಗಿ ಕಲಿಯಬೇಕಾದುದು ಏನೂ ಇಲ್ಲ. ಬಸ್ಸಾರು, ಮಸ್ಸೊಪ್ಪು, ಉಪ್ಪುಸಾರುಗಳನ್ನು ನಿಮ್ಮ ಕಡೆಯವರಷ್ಟು ಚೆನ್ನಾಗಿ ಮಾಡುವವರು ಕಡಿಮೆ. ಸೊಪ್ಪು ಮತ್ತು ಕಾಳನ್ನು ಒಟ್ಟಿಗೆ ಬೇಯಿಸಿ, ಬಸಿದ ಕಟ್ಟಿಗೆ ಒಂದು ಹಿಡಿ ಬೆಂದ ಕಾಳನ್ನೇ ಕಾಯಿ, ಹುರಿದ ಈರುಳ್ಳಿ, ಬೆಳ್ಳುಳ್ಳಿ, ಹುಣಸೆಯೊಂದಿಗೆ ರುಬ್ಬಿ ಬೆರೆಸಿ, ಉಳಿದುದನ್ನು ಪಲ್ಯ ಮಾಡುವ ಬಸ್ಸಾರಿನಲ್ಲಿ ಒಂದು ತೊಟ್ಟು ಸತ್ವವೂ ವ್ಯರ್ಥವಾಗುವುದಿಲ್ಲ. ಮುದ್ದೆಗೆ ಅದಕ್ಕಿಂತ ಒಳ್ಳೆಯ ಜೊತೆಯೂ ಇಲ್ಲ. ಸೊಸೆ ಬೆಳ್ಳುಳ್ಳಿ ತಿನ್ನುತ್ತಾಳೆಯೇ ಎಂದು ಮೊದಲು ಕೇಳಿಕೊಳ್ಳಿ. ಅವಳ ಅಡುಗೆಗೆ ಒಂದು ಪಾತ್ರೆ, ಒಂದು ಸೌಟನ್ನು ಬೇರೆಯಾಗಿ ಇಟ್ಟುಬಿಟ್ಟರೆ ಅವಳ ಸಂಕೋಚವೂ ಅರ್ಧ ಕಡಿಮೆಯಾಗುತ್ತದೆ.

ಪ್ರಶ್ನೆ: ಲಂಡನ್ನಿನಲ್ಲಿರುವ ಮಗ ಚೀಸ್ ತಂದಿದ್ದಾನೆ. ಹಾಲಿನಿಂದ ಮಾಡಿದ್ದಲ್ಲವೇ, ಸಸ್ಯಾಹಾರವೇ ಎನ್ನುತ್ತಾನೆ. ನಿಜವೇ? (ಬೆಂಗಳೂರಿನಿಂದ)

ಉತ್ತರ: ಎಲ್ಲ ಚೀಸಿಗೂ ಆ ಮಾತು ಸಲ್ಲದು. ಹಾಲನ್ನು ಹೆಪ್ಪುಗಟ್ಟಿಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಎಂಬ ಕಿಣ್ವವನ್ನು ಬಳಸುವ ಚೀಸುಗಳಿವೆ; ಇಟಲಿಯ ಅಸಲಿ ಪಾರ್ಮೆಜಾನ್ ಅಂಥದು. ಸೂಕ್ಷ್ಮಜೀವಿಗಳಿಂದ ಪಡೆದ ಕಿಣ್ವದಿಂದ ಮಾಡಿದವೂ ಧಾರಾಳವಾಗಿ ಸಿಗುತ್ತವೆ. ಜೆಲ್ಲಿ, ಮಾರ್ಷ್‌ಮ್ಯಾಲೋಗಳಲ್ಲಿ ಬರುವ ಜೆಲಟಿನ್ ಕೂಡ ಸಾಮಾನ್ಯವಾಗಿ ಪ್ರಾಣಿಗಳ ಚರ್ಮ, ಮೂಳೆಗಳಿಂದ ಬಂದದ್ದು. ನಮ್ಮಲ್ಲಿಯ ಹಸಿರು ಚುಕ್ಕೆಯ ಕಡ್ಡಾಯ ಗುರುತು ಅಲ್ಲಿಲ್ಲದ ಕಾರಣ, ಸಸ್ಯಾಹಾರಕ್ಕೆ ತಕ್ಕದ್ದೆಂಬ ಬರಹ ಪೊಟ್ಟಣದ ಮೇಲೆ ಇದೆಯೇ ಎಂದು ನೋಡಿ ಕೊಳ್ಳುವಂತೆ ಮಗನಿಗೆ ಹೇಳಿ. ಆ ಊರಿನಲ್ಲಿ ಅದೇನೂ ಕಷ್ಟವಲ್ಲ: ಇಂಗ್ಲೆಂಡಿನ ಸಸ್ಯಾಹಾರಿಗಳ ಸಂಘ ಹುಟ್ಟಿದ್ದು 1847ರಲ್ಲಿ, ಮತ್ತು ತಾಯಿಗೆ ಕೊಟ್ಟ ಮಾತಿಗೆ ಕಟ್ಟುಬಿದ್ದು ಮಾಂಸ ಬಿಟ್ಟಿದ್ದ ತರುಣ ಗಾಂಧಿ, 1888ರಲ್ಲಿ ಲಂಡನ್ನಿಗೆ ಹೋದ ಮೇಲೆ ಫ್ಯಾರಿಂಗ್ಡನ್ ಬೀದಿಯ ಸಸ್ಯಾಹಾರಿ ಹೋಟೆಲಿನಲ್ಲಿ ಹೊಟ್ಟೆತುಂಬ ಉಂಡು, ಅಲ್ಲಿ ಕೊಂಡ ಹೆನ್ರಿ ಸಾಲ್ಟರ ಪುಸ್ತಕವನ್ನು ಓದಿದ ನಂತರವೇ ತಾನು ಸ್ವಂತ ಆಯ್ಕೆಯಿಂದ ಸಸ್ಯಾಹಾರಿಯಾದೆನೆಂದು ಬರೆದಿದ್ದಾರೆ. ನಿಂಬೆರಸ ಹಿಂಡಿ ಹಾಲೊಡೆದು ಮನೆಯಲ್ಲೇ ಮಾಡುವ ಪನೀರಿನ ಬಗ್ಗೆ ಮಾತ್ರ ಈ ಯಾವ ಅನುಮಾನವೂ ಬೇಡ.