ಲೈಸೆನ್ಸ್ ಇದೆ ಅಂತಾರೆ. ಯಾವ ಲೈಸೆನ್ಸ್ ಅಂತ ಕೇಳಿ

ಮನೆ ಕಟ್ಟುವವರ ಪ್ರಶ್ನೆಗಳಿಗೆ ಸಿವಿಲ್ ಎಂಜಿನಿಯರ್ ಉತ್ತರ

ಪ್ರಶ್ನೆ: ಸರ್, ಕುಸುಗಲ್ ರೋಡ್ ಕಡೆ 30x40 ಸೈಟ್ ತಗೊಂಡಿದ್ದೇವೆ. ಎರೆ ಮಣ್ಣು. ಒಬ್ಬ ಗುತ್ತಿಗೆದಾರರು ‘ನಂದು ಪಿಡಬ್ಲ್ಯುಡಿ ಕ್ಲಾಸ್ ಒನ್ ಲೈಸೆನ್ಸ್’ ಅಂತ ಹೇಳಿ 40 ಪರ್ಸೆಂಟ್ ಅಡ್ವಾನ್ಸ್ ಕೇಳುತ್ತಿದ್ದಾರೆ. ಇನ್ನೊಬ್ಬರು ನಮ್ಮ ಅಣ್ಣನ ಮನೆ ಕಟ್ಟಿದ ಗೌಂಡಿ. ಕೆಲಸ ಚೆನ್ನಾಗಿದೆ, ಆದರೆ ಲೈಸೆನ್ಸ್ ಇಲ್ಲ. ಲೈಸೆನ್ಸ್ ಇಲ್ಲದವರಿಗೆ ಕೊಟ್ಟರೆ ಮುಂದೆ ತೊಂದರೆ ಆಗುತ್ತಾ? – ಕೇಶ್ವಾಪುರ, ಹುಬ್ಬಳ್ಳಿ

ಉತ್ತರ: ಲೋಕೋಪಯೋಗಿ ಇಲಾಖೆಯ ಕ್ಲಾಸ್ ಒನ್, ಟು, ತ್ರೀ, ಫೋರ್ ಎನ್ನುವುದೆಲ್ಲ ಸರ್ಕಾರಿ ಟೆಂಡರ್ ಹಾಕಲು ಮಾಡಿಸುವ ನೋಂದಣಿ. ಯಾರು ಎಷ್ಟು ದೊಡ್ಡ ಮೊತ್ತದ ಕೆಲಸ ಹಿಡಿಯಬಹುದು ಅಂತ ಅದು ಹೇಳುತ್ತದೆ. ನಿಮ್ಮ ಸೈಟಿನಲ್ಲಿ ನಿಮ್ಮ ಮನೆ ಕಟ್ಟಲು ಗುತ್ತಿಗೆದಾರನಿಗೆ ಅದು ಬೇಕಾಗಿಲ್ಲ. ಕೆಲವು ದೇಶಗಳಲ್ಲಿ ಮನೆ ಕಟ್ಟುವವನಿಗೇ ಪರೀಕ್ಷೆ, ಲೈಸೆನ್ಸ್ ಎಲ್ಲ ಇದೆ. ನಮ್ಮಲ್ಲಿ ಸಿವಿಲ್ ಕೆಲಸಕ್ಕೆ ಹಾಗಿಲ್ಲ. ಹಾಗಾಗಿ ಗೌಂಡಿಯವರಿಗೆ ಕೆಲಸ ಕೊಟ್ಟರೆ ಕಾನೂನು ಮುರಿದಂತೆ ಆಗುವುದಿಲ್ಲ. ಕ್ಲಾಸ್ ಒನ್ ಇದೆ ಅನ್ನುವ ಒಂದೇ ಕಾರಣಕ್ಕೆ 40 ಪರ್ಸೆಂಟ್ ಕೊಡಬೇಕಾಗಿಯೂ ಇಲ್ಲ. ರಸ್ತೆ, ಚರಂಡಿ ಮಾಡಿದ ಅನುಭವದ ಮೇಲೆ ಆ ಕಾರ್ಡ್ ಬಂದಿರಬಹುದು. ಮನೆ ಕಟ್ಟುವ ಕೈ ಬೇರೆ.

ಹಾಗಾದರೆ ನೋಡಬೇಕಾದ ಕಾಗದ ಯಾವುದು? ಒಂದು, ಪ್ಲಾನ್‌ಗೆ ಸಹಿ ಹಾಕುವವರದು. ಪಾಲಿಕೆಯಲ್ಲಿ ನೋಂದಾಯಿಸಿಕೊಂಡ ಎಂಜಿನಿಯರ್ ಅಥವಾ ಆರ್ಕಿಟೆಕ್ಟ್ ಆಗಿರಬೇಕು. ಆರ್ಕಿಟೆಕ್ಟ್‌ಗಳಿಗೆ 1972ರ ಕಾಯ್ದೆಯ ಪ್ರಕಾರ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನ ನೋಂದಣಿ ಸಂಖ್ಯೆ ಇರುತ್ತದೆ, ಕೇಳಿ ತೆಗೆದುಕೊಳ್ಳಿ. ಇನ್ನೊಂದು ವಿದ್ಯುತ್ ಗುತ್ತಿಗೆದಾರರ ಲೈಸೆನ್ಸ್. ಅದರ ಬಗ್ಗೆ ಮುಂದಿನ ಪ್ರಶ್ನೆಯಲ್ಲಿದೆ. ಗುತ್ತಿಗೆದಾರ ಬಿಲ್ಲಿನಲ್ಲಿ ಜಿಎಸ್‌ಟಿ ಹಾಕುತ್ತಾನಾದರೆ ನಂಬರ್ ತೆಗೆದುಕೊಂಡು ಜಿಎಸ್‌ಟಿ ಪೋರ್ಟಲ್‌ನಲ್ಲಿ ನೋಡಿ. ಕರ್ನಾಟಕದ ನಂಬರ್ 29ರಿಂದ ಶುರುವಾಗುತ್ತದೆ, ಒಟ್ಟು 15 ಅಕ್ಷರ. ನಂಬರ್ ರದ್ದಾಗಿದ್ದರೂ ತೆರಿಗೆ ವಸೂಲಿ ಮಾಡುವವರಿದ್ದಾರೆ.

2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಇನ್ನೂ ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಜನ ಸತ್ತರು. ಅದನ್ನು ನೆನೆದು ತುಂಬಾ ಜನ ‘ಲೈಸೆನ್ಸ್ ಇದ್ದವರು ಯಾರು’ ಅಂತ ಕೇಳುತ್ತಾರೆ. ನಾನಾದರೆ ಬೇರೆ ಕೇಳುತ್ತೇನೆ. ಕಾಲಂ, ಬೀಮ್, ಪಾಯದ ಲೆಕ್ಕ ಹಾಕಿದವರು ಯಾರು? ಅವರು ಸೈಟಿಗೆ ಬರುತ್ತಾರಾ? ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಪ್ಲಾನ್‌ಗೆ ಸಹಿ ಹಾಕಿದವರು ಆಮೇಲೆ ಆ ಕಡೆ ತಲೆ ಹಾಕುವುದೇ ಇಲ್ಲ. ಸಹಿಯ ಫೀಜು ಬೇರೆ, ಸೈಟ್ ನೋಡುವ ಫೀಜು ಬೇರೆ. ಎರಡನ್ನೂ ಕೊಡಿ. ಪಾಯದ ಕಬ್ಬಿಣ ಕಟ್ಟಿದಾಗ, ಸ್ಲ್ಯಾಬ್ ಹಾಕುವ ಮುಂಚೆ, ಸೆಂಟ್ರಿಂಗ್ ಬಿಚ್ಚುವ ಮುಂಚೆ ಎಂಜಿನಿಯರ್ ಬಂದು ನೋಡಿ ‘ಮಾಡಬಹುದು’ ಅಂತ ಬರೆದು ಕೊಡಬೇಕು.

ನಿಮ್ಮದು ಎರೆ ಮಣ್ಣು ಅಂದಿರಿ. ಗುತ್ತಿಗೆದಾರನನ್ನು ಪರೀಕ್ಷೆ ಮಾಡಲು ಇದೇ ಸಾಕು. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರುಕು ಬಿಡುತ್ತದೆ. ಪಾಯ ಅದರಲ್ಲೇ ನಿಂತಿದ್ದರೆ ಗೋಡೆಯೂ ಬಿರಿಯುತ್ತದೆ. ಇಬ್ಬರನ್ನೂ ಸೈಟಿಗೆ ಕರೆದು ‘ಪಾಯ ಎಷ್ಟು ಆಳ?’ ಅಂತ ಕೇಳಿ. ‘ಈ ಏರಿಯಾದಲ್ಲಿ ಎಲ್ಲರದೂ ನಾಲ್ಕೇ ಅಡಿ’ ಅಂದವರನ್ನು ಬಿಡಿ. ‘ಮೊದಲು ಒಂದು ಗುಂಡಿ ತೋಡೋಣ, ಗರಸು ಎಲ್ಲಿ ಸಿಗುತ್ತೆ ನೋಡೋಣ’ ಅಂದವರು ಕೆಲಸ ಗೊತ್ತಿದ್ದವರು. ಗರಸು ಅಂದರೆ ಎರೆಯ ಕೆಳಗಿನ ಗಟ್ಟಿ ನೆಲ. ಅದು ತುಂಬಾ ಆಳದಲ್ಲಿದ್ದರೆ ಅಂಡರ್ ರೀಮ್ಡ್ ಪೈಲ್, ಅಂದರೆ ತಳ ಅಗಲ ಮಾಡಿ ನೆಲದೊಳಗೆ ಇಳಿಸುವ ಕಾಂಕ್ರೀಟ್ ಕಂಬ, ಹಾಕುವ ವಿಧಾನವಿದೆ. ಎರೆ ನೆಲಕ್ಕೆ ಅದು ಚೆನ್ನಾಗಿ ಹೊಂದುತ್ತದೆ. ಎಷ್ಟು ಪೈಲ್, ಎಷ್ಟು ಆಳ ಅನ್ನುವುದನ್ನು ಎಂಜಿನಿಯರ್ ಹೇಳಬೇಕು, ಗೌಂಡಿ ಅಲ್ಲ.

ಇನ್ನು ದುಡ್ಡಿನ ವಿಷಯ. 40 ಪರ್ಸೆಂಟ್ ಅಡ್ವಾನ್ಸ್ ಯಾರಿಗೂ ಕೊಡಬೇಡಿ. ಸಾಮಾನು ತರಿಸಿ ಕೆಲಸ ಶುರು ಮಾಡಲು 5ರಿಂದ 10 ಪರ್ಸೆಂಟ್ ಸಾಕು. ಆಮೇಲೆ ಪ್ಲಿಂತ್ (ಪಾಯದ ಮೇಲಿನ ಕಟ್ಟೆ), ಲಿಂಟೆಲ್ (ಬಾಗಿಲು, ಕಿಟಕಿ ಮೇಲಿನ ತೊಲೆ), ಸ್ಲ್ಯಾಬ್, ಪ್ಲಾಸ್ಟರ್, ಫಿನಿಶಿಂಗ್ ಅಂತ ಹಂತ ಹಂತವಾಗಿ ಕೊಡಿ. ಆಗಿರುವ ಕೆಲಸಕ್ಕಿಂತ ನಿಮ್ಮ ದುಡ್ಡು ಯಾವತ್ತೂ ಮುಂದೆ ಹೋಗಿರಬಾರದು. ಕೊನೆಗೆ 5 ಪರ್ಸೆಂಟ್ ಹಿಡಿದಿಟ್ಟುಕೊಳ್ಳಿ. ಎರೆ ನೆಲದಲ್ಲಿ ಒಂದು ಮಳೆಗಾಲ, ಒಂದು ಬೇಸಿಗೆ ಕಳೆದ ಮೇಲೆ ಕೊಡುತ್ತೇನೆ ಅಂತ ಒಪ್ಪಂದದಲ್ಲೇ ಬರೆಸಿ. ಬಿರುಕು ಬರುವುದಿದ್ದರೆ ಸಾಮಾನ್ಯವಾಗಿ ಆಗಲೇ ಕಾಣಿಸಲು ಶುರುವಾಗುತ್ತದೆ. ಇದಕ್ಕೆ ಗುತ್ತಿಗೆದಾರರು ಮುಖ ಗಂಟಿಕ್ಕುತ್ತಾರೆ, ಇಕ್ಕಲಿ.

ಸ್ಟಾಂಪ್ ಪೇಪರ್ ಮೇಲಿನ ಒಪ್ಪಂದದಲ್ಲಿ ‘ಒಳ್ಳೆ ಕ್ವಾಲಿಟಿ ಸಾಮಾನು’ ಅಂತ ಸುಮ್ನೆ ಬರೆದರೆ ಉಪಯೋಗ ಇಲ್ಲ. ಯಾವ ಸಿಮೆಂಟ್, ಯಾವ ಗ್ರೇಡಿನ ಕಬ್ಬಿಣ, ಉಸುಕೋ ಎಂ-ಸ್ಯಾಂಡೋ, ಬಾಗಿಲಿಗೆ ಯಾವ ಕಟ್ಟಿಗೆ, ಎಲ್ಲ ಬರೆಯಿರಿ. ಲೆಕ್ಕವೂ ಗೊತ್ತಿರಲಿ. 1,000 ಚದರ ಅಡಿಯ, ಐದು ಇಂಚು ದಪ್ಪದ ಸ್ಲ್ಯಾಬಿಗೆ 1:1.5:3 (ಸಿಮೆಂಟ್, ಉಸುಕು, ಜಲ್ಲಿ) ಮಿಶ್ರಣದಲ್ಲಿ, ಬೀಮ್ ಬಿಟ್ಟು, ಸುಮಾರು 95 ಚೀಲ ಸಿಮೆಂಟ್ ಬೇಕು. 70ರಲ್ಲಿ ಮುಗಿಸಿದರೆ ಖುಷಿ ಪಡಬೇಡಿ. ಕೆಲಸಗಾರರ ಪರಿಹಾರ ವಿಮೆ ಯಾರು ಮಾಡಿಸುತ್ತಾರೆ ಅನ್ನುವುದೂ ಒಪ್ಪಂದದಲ್ಲಿ ಇರಲಿ. ಸೆಂಟ್ರಿಂಗ್ ಮೇಲಿಂದ ಯಾರಾದರೂ ಬಿದ್ದ ದಿನ ಅದನ್ನು ಚರ್ಚೆ ಮಾಡುವಂತಾಗಬಾರದು.

ನನ್ನನ್ನು ಕೇಳಿದರೆ ನಿಮ್ಮ ಗೌಂಡಿಯನ್ನೇ ಇಟ್ಟುಕೊಳ್ಳಿ, ಜೊತೆಗೆ ಸೈಟಿಗೆ ಬರುವ ಎಂಜಿನಿಯರ್‌ಗೆ ಫೀಜು ಕೊಡಿ. ಅದಕ್ಕೂ ಮುಂಚೆ ಅವರು ಕಟ್ಟಿದ, ಐದು ವರ್ಷ ಹಳೆಯದಾದ ಮನೆಗಳನ್ನು ನೋಡಿಕೊಂಡು ಬನ್ನಿ. ಹೊಸ ಮನೆ ಎಲ್ಲರದೂ ಚೆನ್ನಾಗೇ ಕಾಣುತ್ತದೆ.

ಪ್ರಶ್ನೆ: ನಮ್ಮ ವೈರಿಂಗ್ ಹುಡುಗನಿಗೆ ಅನುಭವ ಬಹಳ. ಲೈಸೆನ್ಸ್ ಮಾತ್ರ ಇಲ್ಲ. ‘ಬೇರೆಯವರ ಲೈಸೆನ್ಸ್ ಮೇಲೆ ಸಹಿ ಮಾಡಿಸಿ ಕೊಡ್ತೀನಿ’ ಅಂತಾನೆ. ನಡೆಯುತ್ತಾ? – ಗದಗ

ಉತ್ತರ: ಊರಲ್ಲಿ ನಡೆಯುತ್ತೆ ಅನ್ನೋದು ನನಗೂ ಗೊತ್ತು. ಆದರೆ ಬೇಡ. ಸಿವಿಲ್ ಕೆಲಸದ ಹಾಗಲ್ಲ ಇದು, ವೈರಿಂಗ್‌ಗೆ ಲೈಸೆನ್ಸ್ ಬೇಕೇ ಬೇಕು. ವಿದ್ಯುತ್ ಪರಿವೀಕ್ಷಣಾಲಯದ ಕಡೆಯಿಂದ ಲೈಸೆನ್ಸ್ ಪಡೆದ ಗುತ್ತಿಗೆದಾರರೇ ಕೆಲಸ ಮಾಡಿಸಿ, ಮುಗಿದ ಮೇಲೆ ವರದಿಗೆ ಸಹಿ ಹಾಕಬೇಕು. ಹೆಸ್ಕಾಂ ಮೀಟರ್ ಕೊಡುವುದು ಆ ವರದಿ ನೋಡಿಯೇ. ಸಹಿ ಹಾಕಿದವರು ನಿಮ್ಮ ಮನೆಯನ್ನೇ ನೋಡಿಲ್ಲ ಅಂದರೆ, ನಾಳೆ ಶಾರ್ಟ್ ಆದಾಗ ‘ನಾನು ಮಾಡಿದ್ದಲ್ಲ’ ಅಂತ ಕೈ ತೊಳೆದುಕೊಳ್ಳುತ್ತಾರೆ.

ಹುಡುಗನ ಕೈ ಚೆನ್ನಾಗಿದ್ದರೆ ಅವನನ್ನು ಬಿಡಬೇಕಾಗಿಲ್ಲ. ಲೈಸೆನ್ಸ್ ಇದ್ದ ಗುತ್ತಿಗೆದಾರರಿಗೆ ಕೆಲಸ ಒಪ್ಪಿಸಿ, ಅವರ ಕೈಕೆಳಗೆ ಇವನು ಮಾಡಲಿ. ಲೈಸೆನ್ಸ್ ಪ್ರತಿಯಲ್ಲಿ ಹೆಸರು, ನಂಬರ್, ಅವಧಿ ಎಲ್ಲಿಯವರೆಗೆ ಅಂತ ನೋಡಿ. ಅವಧಿ ಮುಗಿದ ಲೈಸೆನ್ಸಿನ ಜೆರಾಕ್ಸ್ ಹಿಡಿದು ಓಡಾಡುವವರು ಕಡಿಮೆ ಇಲ್ಲ. ಕೊನೆಗೆ ನಿಮ್ಮ ಎದುರಲ್ಲೇ ಮೆಗ್ಗರ್ (ವೈರಿನ ಇನ್ಸುಲೇಶನ್ ಅಳೆಯುವ ಮೀಟರ್) ಹಚ್ಚಿ ತೋರಿಸಲಿ, ಅರ್ಥಿಂಗ್ ಅಳೆದು ತೋರಿಸಲಿ. 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಹಾಕಿಸಿ, ಅದರ ಟೆಸ್ಟ್ ಬಟನ್ ಒತ್ತಿ ನೋಡಿ.

ಪ್ರಶ್ನೆ: ಸ್ಲ್ಯಾಬ್ ಆದ ಮೇಲೆ ಗುತ್ತಿಗೆದಾರ ಬರುತ್ತಿಲ್ಲ, ಫೋನ್ ಎತ್ತುತ್ತಿಲ್ಲ. ಕೆಲಸಕ್ಕಿಂತ ಜಾಸ್ತಿ ದುಡ್ಡು ಹೋಗಿದೆ. ರೇರಾಗೆ (ರಿಯಲ್ ಎಸ್ಟೇಟ್ ಪ್ರಾಧಿಕಾರಕ್ಕೆ) ದೂರು ಕೊಡಬಹುದಾ? – ರಾಣೆಬೆನ್ನೂರು

ಉತ್ತರ: ನಿಮ್ಮ ಸ್ವಂತ ಸೈಟಿನ ಮನೆಗೆ ರೇರಾ ಬರುವುದಿಲ್ಲ. ಅದು ಫ್ಲ್ಯಾಟ್, ಸೈಟ್ ಮಾರುವ ಬಿಲ್ಡರ್‌ಗಳಿಗೆ. ನಿಮಗಿರುವ ದಾರಿ ಹಾವೇರಿಯ ಜಿಲ್ಲಾ ಗ್ರಾಹಕರ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಮನೆ ನಿರ್ಮಾಣವೂ ‘ಸೇವೆ’ಯೇ. ನೀವು ಕೊಟ್ಟ ಮೊತ್ತ 50 ಲಕ್ಷದೊಳಗಿದ್ದರೆ ಜಿಲ್ಲೆಯಲ್ಲೇ ದೂರು ಹಾಕಬಹುದು. ಗುತ್ತಿಗೆದಾರ ಬೇರೆ ಊರಿನವನಾದರೂ ನೀವಿರುವ ಜಿಲ್ಲೆಯಲ್ಲಿ ನಡೆಯುತ್ತದೆ. ಎರಡು ವರ್ಷದೊಳಗೆ ಹಾಕಬೇಕು. 5 ಲಕ್ಷದವರೆಗೆ ಶುಲ್ಕವೇ ಇಲ್ಲ. ದಿನಗೂಲಿಗೆ ನೀವೇ ಆಳು ಕರೆದು ಮಾಡಿಸಿದ್ದರೆ ಮಾತ್ರ ಈ ದಾರಿ ಕಷ್ಟ.

ಅವಸರದಲ್ಲಿ ಹೊಸ ಗೌಂಡಿಯನ್ನು ಕರೆಸಿ ಕೆಲಸ ಮುಂದುವರಿಸಬೇಡಿ. ಮೊದಲು ಬೇರೆ ಎಂಜಿನಿಯರ್ ಕಡೆಯಿಂದ ಆಗಿರುವ ಕೆಲಸ ಅಳೆಸಿ, ಅದರ ಬೆಲೆ ಬರೆಸಿ, ದಿನಾಂಕ ಕಾಣುವ ಹಾಗೆ ಫೋಟೊ ತೆಗೆಸಿ. ಬ್ಯಾಂಕ್, ಯುಪಿಐ ಪಾವತಿಯ ಪ್ರಿಂಟ್ ತೆಗೆದಿಡಿ. ಹಳೆಯ ವಾಟ್ಸ್ಆ್ಯಪ್ ಮೆಸೇಜ್ ಅಳಿಸಬೇಡಿ. ಆಮೇಲೆ ವಕೀಲರಿಂದ ನೋಟಿಸ್ ಕಳಿಸಿ. ನೋಟಿಸ್ ಮುಟ್ಟಿದ ಮೇಲೆ ಎಷ್ಟೋ ಜನ ತಾವೇ ಫೋನ್ ಮಾಡುತ್ತಾರೆ. ಆಗ ಬಾಯಿಮಾತಿಗೆ ಒಪ್ಪಬೇಡಿ. ಯಾವ ತಾರೀಖಿಗೆ ಏನು ಮುಗಿಸುತ್ತಾನೆ ಅಂತ ಬರೆಸಿಕೊಳ್ಳಿ, ಅದು ಮುಗಿಯುವ ತನಕ ಒಂದು ರೂಪಾಯಿಯೂ ಬೇಡ.