ಫೋನ್ ಕಸಿದುಕೊಂಡಿರಿ, ಸರಿ. ಆಮೇಲೆ?

ಪತ್ರ: ಮಗಳು ಹತ್ತನೇ ಕ್ಲಾಸು. ಮೊನ್ನೆ ರಾತ್ರಿ ಫೋನಿನಲ್ಲಿ ಅಮೆರಿಕದ ರಿಯಾಲಿಟಿ ಶೋ ಒಂದರ ತುಣುಕು ನೋಡುತ್ತಿದ್ದಳು. ಹದಿನಾರರ ಹುಡುಗಿ ತುಂಬಿದ ಹೊಟ್ಟೆ ಹೊತ್ತು ಸ್ಕೂಲಿಗೆ ಹೋಗುವುದು, ಅಮ್ಮನ ಜೊತೆ ಜಗಳ, ಹೆರಿಗೆ, ಎಲ್ಲಾ. ನನ್ನ ಎದೆ ಧಸಕ್ ಅಂತು. ಫೋನ್ ಕಸಿದುಕೊಂಡೆ. "ಆ ಹುಡುಗ ಎಲ್ಲಿಗೆ ಹೋದ ಅಮ್ಮಾ?" ಅಂತ ಕೇಳಿದಳು. ಬಾಯಿ ಮುಚ್ಚು ಅಂದೆ. ಮಗನೂ ಇದ್ದಾನೆ, ಪಿಯುಸಿ, ಅವನದೇನೂ ಚಿಂತೆಯಿಲ್ಲ. ಇಂಥ ಶೋಗಳನ್ನು ಬ್ಯಾನ್ ಮಾಡಿ ಅಂತ ನಿಮ್ಮ ಪತ್ರಿಕೆ ಯಾಕೆ ದನಿ ಎತ್ತಬಾರದು? ನಾಳೆ ನಮ್ಮ ಚಾನೆಲ್‌ನವರೂ ಶುರು ಮಾಡಿದರೆ?
– ಒಬ್ಬ ತಾಯಿ, ಕುವೆಂಪುನಗರ, ಮೈಸೂರು

ಸಂಪಾದಕರ ಉತ್ತರ:

ತಾಯಿ, ನಿಮ್ಮ ಗಾಬರಿ ಸುಳ್ಳಲ್ಲ. ನನ್ನ ಮಗಳಿಗೆ ಹದಿನೈದಾಗಿದ್ದಾಗ ಮನೆಯ ಲ್ಯಾಂಡ್‌ಲೈನ್ ರಿಂಗಾದರೆ ನಾನೇ ಓಡಿಹೋಗಿ ಎತ್ತುತ್ತಿದ್ದೆ. ಹುಡುಗಿಯೊಬ್ಬಳ ಅಳುವನ್ನು ಕ್ಯಾಮೆರಾದಲ್ಲಿ ಹಿಡಿದು, ನಡುನಡುವೆ ಜಾಹೀರಾತು ಹಾಕಿ ಮಾರುವುದು ಒಳ್ಳೆ ಕಸುಬೇನೂ ಅಲ್ಲ. ಕೂಸನ್ನಂತೂ ಯಾರೂ ಕೇಳಲಿಲ್ಲ. ಮೊದಮೊದಲ ಕಂತುಗಳ ಕೂಸುಗಳಿಗೇ ಈಗ ಹದಿನಾರು ದಾಟಿದೆ. ಇಷ್ಟು ನಿಮ್ಮ ಕಡೆಗೆ.

ನೀವು ಹೇಳುತ್ತಿರುವುದು ಎಂಟಿವಿಯ ‘ಸಿಕ್ಸ್‌ಟೀನ್ ಅಂಡ್ ಪ್ರೆಗ್ನೆಂಟ್’ ಇರಬೇಕು. 2009ರ ಜೂನ್‌ನಲ್ಲಿ ಶುರುವಾಯಿತು. ಅದೇ ವರ್ಷದ ಕೊನೆಗೆ ಅದರ ಬೆನ್ನಿಗೇ ‘ಟೀನ್ ಮಾಮ್’ ಬಂತು. ಇದನ್ನು ನೋಡಿ ಹುಡುಗಿಯರು ಕೆಡುತ್ತಾರೆ ಅನ್ನುವ ಕೂಗು ಅಲ್ಲೂ ಎದ್ದಿತ್ತು. 2014ರಲ್ಲಿ ಮೆಲಿಸಾ ಕಿಯರ್ನಿ, ಫಿಲಿಪ್ ಲೆವೈನ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿ ನೋಡಿದರು. ಶೋ ಬಂದ ಒಂದೂವರೆ ವರ್ಷದಲ್ಲಿ ಅದರ ದೆಸೆಯಿಂದ ಹದಿಹರೆಯದ ಹೆರಿಗೆಗಳು ಶೇ. 5.7ರಷ್ಟು ಕಡಿಮೆಯಾದವು ಅಂದರು. ಶೋ ಪ್ರಸಾರವಾದಾಗಲೆಲ್ಲ ಗರ್ಭನಿರೋಧಕದ ಬಗ್ಗೆ ಗೂಗಲ್‌ನಲ್ಲಿ ಹುಡುಕುವವರೂ ಜಾಸ್ತಿಯಾಗುತ್ತಿದ್ದರಂತೆ. ಈ ಲೆಕ್ಕ ನಿಲ್ಲುವುದಿಲ್ಲ ಅಂತ ಬೇರೆ ಪಂಡಿತರು ತಕರಾರು ತೆಗೆದದ್ದೂ ಉಂಟು. 1991ರಿಂದಲೇ ಅಲ್ಲಿ ಹದಿಹರೆಯದ ಹೆರಿಗೆಗಳ ಪ್ರಮಾಣ ಹೆಚ್ಚುಕಮ್ಮಿ ಇಳಿಯುತ್ತಾ ಬಂದಿತ್ತು ನೋಡಿ. ಅವರವರು ಕಿತ್ತಾಡಿಕೊಳ್ಳಲಿ. ನಿದ್ದೆಗೆಟ್ಟ ಕಣ್ಣು, ಬಿಟ್ಟುಹೋದ ಓದು, ಜಾರಿಕೊಳ್ಳುವ ಹುಡುಗ. ಆಸೆ ಹುಟ್ಟಿಸುವಂಥದ್ದು ಅಲ್ಲಿ ಏನಿದೆ, ಹೇಳಿ?

ನಮ್ಮ ಚಾನೆಲ್‌ನವರ ಭಯ ಬಿಡಿ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಹದಿನೆಂಟರೊಳಗಿನ ಹುಡುಗಿ ಬಸುರಿಯಾದರೆ ಅದು ಪೊಲೀಸ್ ಕೇಸು. ಅವಳ ಮುಖ, ಮನೆ, ಶಾಲೆ ಯಾವುದನ್ನೂ ಮಾಧ್ಯಮದಲ್ಲಿ ತೋರಿಸುವ ಹಾಗಿಲ್ಲ. ಮುಖ ಮಸುಕು ಮಾಡಿ, ಹಿಂದೆ ಧಡ್ ಧಡ್ ಅಂತ ಮ್ಯೂಸಿಕ್ ಹಾಕಿ ಅರ್ಧ ಗಂಟೆ ಅದನ್ನೇ ತಿರುಗಿಸಿ ತಿರುಗಿಸಿ ತೋರಿಸುತ್ತಾರಲ್ಲ, ಅದನ್ನು ಮನೆಮಂದಿಯೆಲ್ಲ ಊಟ ಮಾಡುತ್ತಾ ನೋಡುತ್ತೇವೆ. ಅದಕ್ಕೆ ಯಾರೂ ನನಗೆ ಪತ್ರ ಬರೆದಿಲ್ಲ.

ಕ್ಯಾಮೆರಾ ಇಲ್ಲದೆ ಈ ಶೋ ನಮ್ಮಲ್ಲಿ ಮೊದಲಿಂದಲೂ ನಡೆಯುತ್ತಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. ಕರ್ನಾಟಕದಲ್ಲಿ 20ರಿಂದ 24 ವಯಸ್ಸಿನ ನೂರು ಹೆಣ್ಣುಮಕ್ಕಳಲ್ಲಿ 21 ಜನಕ್ಕೆ ಹದಿನೆಂಟು ತುಂಬುವ ಮೊದಲೇ ಮದುವೆಯಾಗಿತ್ತು. ಕೊರಳಲ್ಲಿ ತಾಳಿಯೊಂದಿದ್ದರೆ ಹದಿನೇಳರ ಬಸುರಿಗೆ ಹಸಿರು ಬಳೆ ತೊಡಿಸಿ ಸೀಮಂತ ಮಾಡುತ್ತೇವೆ. ಮಂಡ್ಯದ ಕಡೆ ಅಂಥದ್ದೊಂದು ಪಂಕ್ತಿಯಲ್ಲಿ ನಾನೂ ಕೂತು ಒಬ್ಬಟ್ಟು ತಿಂದಿದ್ದೇನೆ. ಹುಡುಗಿಗೆ ಎಷ್ಟು ವಯಸ್ಸು ಅಂತ ಬಾಯಿಬಿಟ್ಟು ಕೇಳಲಿಲ್ಲ. ಆಗಲೇ ಸಂಪಾದಕನಾಗಿದ್ದೆ.

ತಾಳಿ ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದನ್ನೂ ಕಂಡಿದ್ದೇನೆ. ಮಂಡ್ಯದಲ್ಲಿ ಹೈಸ್ಕೂಲು ಓದುವಾಗ ನಮ್ಮ ಕ್ಲಾಸಿನ ಹುಡುಗಿಯೊಬ್ಬಳು ದಸರಾ ರಜೆ ಮುಗಿದರೂ ಬರಲಿಲ್ಲ. ಅಜ್ಜಿ ಊರಿಗೆ ಹೋದಳು ಅಂದರು. ವಿಷಯ ಎಲ್ಲರಿಗೂ ಗೊತ್ತಿತ್ತು. ಆ ಹುಡುಗ ಮಾತ್ರ ನಮ್ಮ ಜೊತೆಗೇ ಪರೀಕ್ಷೆ ಬರೆದ, ಪಾಸಾದ, ಒಳ್ಳೆ ಕೆಲಸಕ್ಕೂ ಸೇರಿದ. ಎಷ್ಟೋ ವರ್ಷದ ಮೇಲೆ ಸಂಜಯ ವೃತ್ತದ ಹತ್ತಿರ ಅವಳು ಎದುರಾದಳು. ಇಬ್ಬರಿಗೂ ಗುರುತು ಸಿಕ್ಕಿತು. ಇಬ್ಬರೂ ಮಾತಾಡಲಿಲ್ಲ. ನಿಮ್ಮ ಮಗಳು ಕೇಳಿದ ಪ್ರಶ್ನೆಯನ್ನು ಅವತ್ತು ಇಡೀ ಕ್ಲಾಸಿನಲ್ಲಿ ಒಬ್ಬರೂ ಕೇಳಿರಲಿಲ್ಲ.

ಕೇಳುವುದಾದರೂ ಯಾರನ್ನು? ನಮ್ಮ ವಿಜ್ಞಾನದ ಮೇಷ್ಟ್ರು ಆ ಪಾಠ ಬಂದಾಗ "ಇದನ್ನ ಮನೇಲಿ ಓದ್ಕೊಳ್ಳಿ" ಅಂತ ನಾಲ್ಕು ಹಾಳೆ ಒಟ್ಟಿಗೆ ಮಗುಚಿದರು. ಮನೆಯಲ್ಲಿ ಓದಲು ಕೂತರೆ ಅಪ್ಪ ಪುಸ್ತಕವನ್ನೇ ಅಟ್ಟಕ್ಕೆ ಹಾಕಿದರು. ಮುಂದೆ ಶಾಲೆಗಳಲ್ಲಿ ಹದಿಹರೆಯದ ಶಿಕ್ಷಣ ಅಂತ ಒಂದು ಕಾರ್ಯಕ್ರಮ ಬಂತು, 2007ರಲ್ಲಿ ಅದು ಬೇಡ ಅಂದ ರಾಜ್ಯಗಳ ಸಾಲಿನಲ್ಲಿ ನಮ್ಮದೂ ಇತ್ತು. ಇದೇ ಮೈಸೂರು ಸಂಸ್ಥಾನ 1894ರಲ್ಲೇ ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆಗೆ ಕಾನೂನು ತಂದು ತಡೆ ಹಾಕಿತ್ತು. 1930ರಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆಯಲು ಹೊರಟಿತ್ತು. ಜಗತ್ತಿನಲ್ಲಿ ಯಾವ ಸರ್ಕಾರವೂ ಅದಕ್ಕೆ ಮೊದಲು ಹೀಗೆ ಮಾಡಿರಲಿಲ್ಲ ಅನ್ನುತ್ತಾರೆ. ಅರಮನೆ ತೋರಿಸುವ ಗೈಡುಗಳು ಸಿಂಹಾಸನದ ತೂಕ ಹೇಳುತ್ತಾರೆ, ಇದನ್ನು ಹೇಳುವುದಿಲ್ಲ. ಇವತ್ತು ಅದೇ ಊರಿನ ಮೆಡಿಕಲ್ ಸ್ಟೋರಿನಲ್ಲಿ ಪ್ಯಾಡ್ ಕೇಳಿದರೆ ಪೇಪರಿನಲ್ಲಿ ಸುತ್ತಿ ಕೊಡುತ್ತಾರೆ. ಒಮ್ಮೆ ಸುತ್ತಿದ್ದು ನಮ್ಮದೇ ಪತ್ರಿಕೆಯ ಹಾಳೆ. ಸಂಪಾದಕೀಯದ ಪುಟ!

ಬ್ಯಾನ್‌ಗೆ ನಾನು ದನಿ ಎತ್ತುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಅಷ್ಟು ಒಳ್ಳೆ ಪ್ರಶ್ನೆ ಕೇಳುವ ಮಗಳನ್ನು ಬೆಳೆಸಿದ್ದೀರಿ. ಫೋನ್ ವಾಪಸ್ ಕೊಟ್ಟು ಪಕ್ಕದಲ್ಲಿ ಕೂತುಕೊಳ್ಳಿ. ಹೇಳಲು ನಾಲಿಗೆ ಏಳದಿದ್ದರೆ ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆ ಅಂತಲೇ ‘ಸ್ನೇಹ ಕ್ಲಿನಿಕ್’ ಇದೆ, ಅಲ್ಲಿ ಹೇಳುತ್ತಾರೆ. ಹಾಗೇ, ಚಿಂತೆಯಿಲ್ಲ ಅಂತ ಒಂದೇ ಸಾಲಿನಲ್ಲಿ ಮುಗಿಸಿದಿರಲ್ಲ, ಆ ಮಗನನ್ನೂ ಕರೆದು ಕೂರಿಸಿ. ಆ ಹುಡುಗ ಎಲ್ಲಿಗೆ ಹೋದ ಅಂತ ಮಗಳು ಇನ್ನೊಂದು ಸಲ ಕೇಳಲಿ. ಇವನು ಏನಂತಾನೆ ಅನ್ನುವುದನ್ನು ನನಗೆ ಬರೆಯಿರಿ.